ಹಿತ್ತಲಿನ ಮೀನುಕೊಳ ಮುಚ್ಚಿದ ಅಂತರಗಂಗೆ: ಕೊಲ್ಲಬೇಡಿ, ಎತ್ತಿ ಹಾಕಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹಿತ್ತಲಲ್ಲಿ 12 ಅಡಿ ಉದ್ದ, 8 ಅಡಿ ಅಗಲ, 3 ಅಡಿ ಆಳದ ಸಿಮೆಂಟ್ ಕೊಳ ಕಟ್ಟಿಸಿ ಎರಡು ವರ್ಷವಾಯಿತು. ಗುಡ್ಡದಿಂದ ಅಬ್ಬಿ ನೀರು ಪೈಪಿನಲ್ಲಿ ಬರುತ್ತದೆ. 15 ಗೋಲ್ಡ್‌ಫಿಶ್, 4 ಕೋಯಿ, ಲೆಕ್ಕವಿಲ್ಲದಷ್ಟು ಗಪ್ಪಿ ಇದ್ದವು. ಹೋದ ವರ್ಷ ಮಗಳು ನೀಲಿ ಹೂ ನೋಡಿ ಆಸೆಪಟ್ಟಳು. ಎರಡು ಅಂತರಗಂಗೆ (ವಾಟರ್ ಹಯಸಿಂತ್) ಗಿಡ ತಂದು ಬಿಟ್ಟೆವು. ಈಗ ಮಾರ್ಚ್‌ನಲ್ಲಿ ನೀರೇ ಕಾಣುವುದಿಲ್ಲ. ಸಂದಿಯಲ್ಲೆಲ್ಲ ಸಾಸಿವೆ ಗಾತ್ರದ ಹಸಿರು ಎಲೆ ಬೇರೆ ತುಂಬಿದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. ಹೋದ ವಾರ ಎರಡು ಕೋಯಿ ಸತ್ತವು. ಒಬ್ಬರು ಮೈಲುತುತ್ತ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಕಳೆನಾಶಕ ಹೊಡೆಯಿರಿ ಎನ್ನುತ್ತಾರೆ, ಮೀನಿನ ಅಂಗಡಿಯವರು ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು ಬಿಡಿ ಎಂದರು. ಈ ಗಿಡ ತಿನ್ನುವ ಹುಳವೂ ಇದೆಯಂತೆ. ನಾವು ದಿನಕ್ಕೆ ಎರಡು ಹಿಡಿ ಮೀನಿನ ಆಹಾರ ಹಾಕುತ್ತೇವೆ. ಏನು ಮಾಡಬೇಕು?

ಉತ್ತರ: ಮೊದಲು ಮೀನು ಉಳಿಸಿಕೊಳ್ಳೋಣ, ಗಿಡದ ಮಾತು ಆಮೇಲೆ.

ಇವತ್ತು ಸಂಜೆಯಿಂದಲೇ ಆಹಾರ ಹಾಕುವುದನ್ನು ನಿಲ್ಲಿಸಿ. ನಾಲ್ಕೈದು ದಿನ ಏನೂ ಹಾಕದಿದ್ದರೂ ಗೋಲ್ಡ್‌ಫಿಶ್, ಕೋಯಿ ಎರಡಕ್ಕೂ ಏನೂ ಆಗುವುದಿಲ್ಲ. ಅಬ್ಬಿ ನೀರಿನ ಪೈಪನ್ನು ಕೊಳದ ಮೇಲೆ ಮೂರು ಅಡಿ ಎತ್ತರಕ್ಕೆ ಕಟ್ಟಿ. ಅದರ ತುದಿಗೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಿ. ನೀರು ಒಂದೇ ಧಾರೆಯಾಗಿ ಬೀಳದೆ ಹನಿಹನಿಯಾಗಿ ಚದುರಿ ಬೀಳಬೇಕು. ಬೀಳುವ ಜಾಗದಲ್ಲಿ ಒಂದು ಚಾಪೆ ಹಾಸುವಷ್ಟು ಅಗಲಕ್ಕೆ ಗಿಡ ಎತ್ತಿ ನೀರು ಬಯಲು ಮಾಡಿ. ರಾತ್ರಿಯಿಡೀ ಹೀಗೇ ಸುರಿಯಲಿ. ಬೇಸಿಗೆಯಲ್ಲಿ ಅಬ್ಬಿ ನೀರು ಸಣ್ಣದಾಗಿದ್ದರೆ ಸಣ್ಣ ಪಂಪ್ ಒಂದನ್ನು ಕೊಳದೊಳಗಿಟ್ಟು ಅದೇ ನೀರನ್ನು ಮೇಲಿಂದ ಬೀಳಿಸಿ. ಹಗಲು ಇದು ಅಷ್ಟು ಮುಖ್ಯವಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಮಾತ್ರ ನಿಲ್ಲಿಸಬೇಡಿ.

ನಿಮ್ಮ ಕೋಯಿ ಸತ್ತದ್ದು ರೋಗದಿಂದಲ್ಲ ಎಂದೇ ನನ್ನ ಅಂದಾಜು. ಬೆಳಗಿನ ಜಾವ ಬಾಯಿ ಬಡಿದು ಬಿಸಿಲೇರಿದ ಮೇಲೆ ಸುಧಾರಿಸಿಕೊಳ್ಳುತ್ತವೆ ಎಂದರೆ ಅದು ಆಮ್ಲಜನಕದ ಕೊರತೆ. ದೊಡ್ಡ ಮೀನು ಮೊದಲು ಸತ್ತಿರುವುದೂ ಅದನ್ನೇ ಹೇಳುತ್ತದೆ. ಗಪ್ಪಿಯ ಬಾಯಿ ಮೇಲ್ಮುಖವಾಗಿದೆ. ನೀರಿನ ಮೇಲಿನ ಪದರದಲ್ಲಿ ಗಾಳಿ ಸೇರಿದ ಅಷ್ಟು ನೀರನ್ನೇ ಅದು ಎಳೆದುಕೊಂಡು ಬದುಕುತ್ತದೆ. ಕೋಯಿಗೆ ಅದು ಸಾಲುವುದಿಲ್ಲ. ಮೀನು ಇಡೀ ದಿನ ಬಾಯಿ ಬಡಿಯುತ್ತಿದ್ದರೆ, ಕಿವಿರು ಬಿಳಿಚಿಕೊಂಡಿದ್ದರೆ, ಮೈಮೇಲೆ ಲೋಳೆ ಕಟ್ಟಿದ್ದರೆ ಆಗ ರೋಗದ ಅನುಮಾನ ಪಡಬೇಕು.

ಗಿಡ ಆಮ್ಲಜನಕ ಕೊಡುತ್ತದೆ ಅಲ್ವಾ, ಇಷ್ಟು ಗಿಡ ಇದ್ದೂ ಯಾಕೆ ಕೊರತೆ ಎಂದು ನೀವು ಕೇಳಬಹುದು. ನೀರೊಳಗೆ ಮುಳುಗಿರುವ ಗಿಡ ಹಗಲಲ್ಲಿ ಆಮ್ಲಜನಕವನ್ನು ನೀರಿಗೇ ಬಿಡುತ್ತದೆ. ತೇಲುವ ಗಿಡ ಹಾಗಲ್ಲ. ಅದರ ಎಲೆ ನೀರಿನಿಂದ ಮೇಲಿದೆ. ಅದು ಬಿಡುವ ಆಮ್ಲಜನಕ ಗಾಳಿಗೆ ಹೋಗುತ್ತದೆ. ಮೇಲಿಂದ ಅದು ಬಿಸಿಲನ್ನೂ ತಡೆಯುತ್ತದೆ, ಗಾಳಿ ನೀರಿಗೆ ತಾಗುವುದನ್ನೂ ತಡೆಯುತ್ತದೆ. ಕೆಳಗೆ ಬೇರು, ಕೊಳೆತ ಎಲೆ, ತಳದ ಕೆಸರು, ಮೀನು, ಎಲ್ಲವೂ ಆಮ್ಲಜನಕ ಎಳೆಯುತ್ತಲೇ ಇರುತ್ತವೆ. ರಾತ್ರಿ ಕಳೆಯುವ ಹೊತ್ತಿಗೆ ಖಜಾನೆ ಖಾಲಿ.

ಆ ಖಜಾನೆ ಎಷ್ಟು ಸಣ್ಣದು ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಮುಂದಿನ ಮಾತೆಲ್ಲ ಈ ಲೆಕ್ಕದ ಮೇಲೇ ನಿಂತಿದೆ. ನಿಮ್ಮ ಕೊಳದ ಅಳತೆಗೆ ಸುಮಾರು 8,000 ಲೀಟರ್ ನೀರು ಹಿಡಿಯುತ್ತದೆ. ಈ ಸೆಖೆಯಲ್ಲಿ ಒಂದು ಲೀಟರ್ ನೀರು ತುಂಬಿದರೂ ಹಿಡಿಯುವ ಆಮ್ಲಜನಕ 7ರಿಂದ 8 ಮಿಲಿಗ್ರಾಂ. ಅಂದರೆ ಇಡೀ ಕೊಳ ತುಂಬಿ ತುಳುಕುವಾಗ ಇರುವುದು ಹೆಚ್ಚೆಂದರೆ 60 ಗ್ರಾಂ. ಅಷ್ಟರಲ್ಲೇ ಎಲ್ಲ ಮೀನು ಬದುಕಬೇಕು. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಆರಾಮ. 3ಕ್ಕಿಂತ ಕೆಳಗಿಳಿದರೆ ಕಷ್ಟ ಶುರು.

ಈಗ ಕಳೆನಾಶಕದ ಮಾತು. ಒತ್ತಾಗಿ ಬೆಳೆದ ಅಂತರಗಂಗೆ ಚದರ ಮೀಟರಿಗೆ 20 ಕಿಲೋ ತೂಗುವುದು ಸಾಮಾನ್ಯ. ನಿಮ್ಮ ಕೊಳದ ಮೇಲ್ಮೈ ಸುಮಾರು 9 ಚದರ ಮೀಟರ್. 180 ಕಿಲೋ ಹಸಿ ಗಿಡ ಆಯಿತು. ಅದರಲ್ಲಿ ಹೆಚ್ಚಿನದೆಲ್ಲ ನೀರು. ಒಣ ಪದಾರ್ಥ 10 ಕಿಲೋ ಎಂದಿಟ್ಟುಕೊಳ್ಳಿ. ಅದು ಪೂರ್ತಿ ಕೊಳೆಯಲು 10 ಕಿಲೋಗಿಂತ ಜಾಸ್ತಿ ಆಮ್ಲಜನಕ ಬೇಕು. ಕೊಳದಲ್ಲಿರುವುದು 60 ಗ್ರಾಂ! ಔಷಧಿ ಹೊಡೆದರೆ ಗಿಡ ಸಾಯುತ್ತದೆ, ನಿಜ. ಆದರೆ ಸತ್ತ ಗಿಡ ಅಲ್ಲೇ ಮುಳುಗಿ ಕೊಳೆಯುತ್ತದೆ. ಒಂದೆರಡು ವಾರದಲ್ಲಿ ನೀರು ಕಪ್ಪಾಗಿ ನಾರುತ್ತದೆ. ಔಷಧಿ ವಿಷವೇ ಅಲ್ಲ ಎಂದಿಟ್ಟುಕೊಂಡರೂ ಈ ಕೊಳೆತವೊಂದೇ ನಿಮ್ಮ ಮೀನುಗಳನ್ನು ಮುಗಿಸಿಬಿಡುತ್ತದೆ. ಇನ್ನು ಅಡಿಕೆ ತೋಟದ ಹುಲ್ಲಿಗೆ ಹೊಡೆಯುವ ಔಷಧಿಗಳಲ್ಲಿ ಎಲೆಗೆ ಅಂಟಲೆಂದು ಸೋಪಿನಂಥ ಪದಾರ್ಥ ಸೇರಿಸಿರುತ್ತಾರೆ. ಮೀನಿನ ಕಿವಿರಿಗೂ ಗೊದಮೊಟ್ಟೆಗೂ ಅದು ತುಂಬ ಕೆಟ್ಟದ್ದು. ದಯವಿಟ್ಟು ಆ ಕಡೆ ಹೋಗಲೇಬೇಡಿ.

ಮೈಲುತುತ್ತದ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಅದು ತಾಮ್ರದ ಲವಣ. ಮಲೆನಾಡಿನಲ್ಲಿ ಅದು ಮನೆಮನೆಯಲ್ಲೂ ಇರುವ ವಸ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಚೀಲ ಅಟ್ಟದಲ್ಲಿ ಇದ್ದೇ ಇರುತ್ತದೆ. ಒಂದು ಹಿಡಿ ಹಾಕಿದರೆ ಏನಾದೀತು ಅನಿಸುತ್ತದೆ. ಆದರೆ ನಿಮ್ಮ ಅಬ್ಬಿ ನೀರು ಮೆದು ನೀರು, ಸುಣ್ಣದ ಅಂಶ ಬಹಳ ಕಡಿಮೆ. ಬಯಲುಸೀಮೆಯ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವ ತಾಮ್ರ, ಮೆದು ನೀರಿನಲ್ಲಿ ಅದೇ ಪ್ರಮಾಣದಲ್ಲಿ ಮೀನನ್ನು ಕೊಲ್ಲುತ್ತದೆ. 8,000 ಲೀಟರಿಗೆ ಒಂದೆರಡು ಚಮಚ ಬಿದ್ದರೂ ನಿಮ್ಮ ಮೀನಿಗೆ ಅಪಾಯ. ಅಷ್ಟಕ್ಕೆ ಅಂತರಗಂಗೆ ಸಾಯುವುದೂ ಇಲ್ಲ. ಪಾಚಿ ಸಾಯುತ್ತದೆ, ಬಸವನಹುಳು ಸಾಯುತ್ತವೆ, ತಾಮ್ರ ತಳದ ಕೆಸರಿನಲ್ಲಿ ಉಳಿದುಬಿಡುತ್ತದೆ. ಒಂದು ಮಾತು ಸೇರಿಸುತ್ತೇನೆ: ಅಡಿಕೆಗೆ ಔಷಧಿ ಹೊಡೆಯುವ ದಿನಗಳಲ್ಲಿ ಡ್ರಮ್, ಪೈಪು, ಗಟಾರು ಪಂಪು ಕೊಳದ ಹತ್ತಿರ ತೊಳೆಯಲು ಬಿಡಬೇಡಿ. ಅಡಿಕೆ ಮರ ಕೊಳದ ಮೇಲೆ ಬಾಗಿದ್ದರೆ ಆ ಹೊತ್ತಿಗೆ ಟಾರ್ಪಾಲಿನಿಂದ ಕೊಳ ಮುಚ್ಚಿ.

ಹುಲ್ಲುಗೆಂಡೆ ಒಳ್ಳೆಯ ಮೀನು, ದೊಡ್ಡ ಕೆರೆಗೆ. ಚೀನಾದ ನದಿಗಳ ಈ ಮೀನನ್ನು 1959ರಲ್ಲಿ ನಮ್ಮ ದೇಶಕ್ಕೆ ತಂದರು. ಹೈಡ್ರಿಲ್ಲಾದಂಥ ಮುಳುಗಿದ ಗಿಡವನ್ನೂ, ನಿಮ್ಮ ಸಾಸಿವೆ ಎಲೆಯನ್ನೂ ಚೆನ್ನಾಗಿ ತಿನ್ನುತ್ತದೆ. ಅಂತರಗಂಗೆಯ ದಪ್ಪ ದಂಟು ಅದಕ್ಕೆ ಇಷ್ಟವಿಲ್ಲ. ಮೇವು ಸಿಕ್ಕರೆ ಒಂದೇ ವರ್ಷದಲ್ಲಿ ಕಿಲೋ ದಾಟುತ್ತದೆ, ಆಮೇಲೂ ನಿಲ್ಲುವುದಿಲ್ಲ. ನಿಮ್ಮ ಕೊಳ ಅದಕ್ಕೆ ಸಾಲದು. ತಿಂದದ್ದರಲ್ಲಿ ಬಹುಪಾಲು ಸಗಣಿಯಾಗಿ ಅದೇ ನೀರಿಗೆ ಬೀಳುತ್ತದೆ. ಗಿಡವಾಗಿದ್ದ ಗೊಬ್ಬರ ಮತ್ತೆ ಗೊಬ್ಬರವಾಯಿತು, ಕೊಳದಿಂದ ಹೊರಗೆ ಏನೂ ಹೋಗಲಿಲ್ಲ. ಮಳೆಗಾಲದಲ್ಲಿ ಕೋಡಿ ಹರಿದು ಅದು ಹಳ್ಳ ಸೇರುವ ಭಯ ಬೇರೆ.

ಹುಳದ ವಿಷಯ ನೀವು ಕೇಳಿದ್ದು ಸಂತೋಷ. ಇದು ನಮ್ಮ ಬೆಂಗಳೂರಿನಲ್ಲೇ ನಡೆದ ಒಳ್ಳೆಯ ಕೆಲಸ. ಕೇರಳದವರು ಆಫ್ರಿಕನ್ ಪಾಯಲ್ ಎಂದು ಕರೆಯುವ ಸಾಲ್ವೀನಿಯಾ ಎಂಬ ತೇಲುವ ಕಳೆ ಅಲ್ಲಿನ ಕಾಲುವೆ, ಗದ್ದೆಗಳನ್ನೆಲ್ಲ ಮುಚ್ಚಿತ್ತು. ಅದನ್ನು ತಿನ್ನುವ ಪುಟ್ಟ ಮೂತಿಹುಳವನ್ನು 1982ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದರು. ಬೇರೆ ಯಾವ ಬೆಳೆಯನ್ನೂ ಅದು ಮುಟ್ಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟರು. ಹನ್ನೊಂದು ತಿಂಗಳಲ್ಲಿ ಸಾಲ್ವೀನಿಯಾ ಕುಸಿಯಿತು. ಅದರಡಿ ಉಸಿರುಗಟ್ಟಿದ್ದ ನೈದಿಲೆ ಮತ್ತೆ ಚಿಗುರಿತು. ಆಮೇಲೆ ಕೇರಳದಲ್ಲೂ ಅದು ಗೆದ್ದಿತು. ಅಂತರಗಂಗೆಗೂ ಎರಡು ಬಗೆಯ ಮೂತಿಹುಳ ಅದೇ ಹೊತ್ತಿಗೆ ಬಂದವು. ಬೆಂಗಳೂರು ಸುತ್ತಲಿನ ಕೆರೆಗಳಲ್ಲಿ ಅವನ್ನು ಬಿಟ್ಟು ಕಳೆ ತಗ್ಗಿಸಿದರು.

ಆದರೆ ಅವು ಕೆರೆಯ ಹುಳಗಳು. ಮರಿಹುಳ ದಂಟಿನೊಳಗೆ ಕೊರೆಯುತ್ತದೆ, ಗೂಡು ಕಟ್ಟುವುದು ಬೇರಿನಲ್ಲಿ. ಪರಿಣಾಮ ಕಾಣಲು ವರ್ಷಗಟ್ಟಲೆ ಕಾಯಬೇಕು. ನೀವು ನಡುವೆ ಗಿಡ ಎತ್ತಿದರೆ ಗೂಡೂ ಅದರ ಜೊತೆ ಹೋಯಿತು. 96 ಚದರ ಅಡಿಯ ಕೊಳಕ್ಕೆ ಎರಡು ಕೈ ಸಾಕು. ಎಲೆಯ ಮೇಲೆ ಸಣ್ಣ ಸಣ್ಣ ಕೆರೆದ ಕಲೆಗಳು ಈಗಾಗಲೇ ಕಂಡರೆ ಆ ಹುಳ ತಾನಾಗಿಯೇ ಬಂದಿದೆ ಎಂದು ಅರ್ಥ. ಇರಲಿ ಬಿಡಿ.

ಹಾಗಾದರೆ ಈ ಗಿಡ ಇಷ್ಟು ಬೆಳೆದದ್ದು ಹೇಗೆ? ಅನುಕೂಲ ಸಿಕ್ಕರೆ ಅಂತರಗಂಗೆ ಸುಮಾರು ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಎರಡು ಗಿಡ ಹತ್ತು ಸಲ ಇಮ್ಮಡಿಯಾದರೆ 2,048. ಅದಕ್ಕೆ ಐದು ತಿಂಗಳು ಸಾಕು. ಕೊಳದ ಅರ್ಧ ಭಾಗ ಇನ್ನೂ ಬಯಲಿದೆ ಎಂದು ನೀವು ನಿಶ್ಚಿಂತೆಯಿಂದಿದ್ದಾಗ ಅದಕ್ಕೆ ಬಾಕಿ ಇದ್ದದ್ದು ಒಂದೇ ಇಮ್ಮಡಿ. ಸಾಸಿವೆ ಎಲೆಗೆ ಅಷ್ಟೂ ದಿನ ಬೇಡ, ಎರಡು ಮೂರು ದಿನ ಸಾಕು.

ಇಮ್ಮಡಿಯಾಗಲು ಅದಕ್ಕೆ ಮೇವು ಬೇಕಲ್ಲ? ಆ ಮೇವು ನೀವು ಹಾಕಿದ್ದು. ಬೇಸರ ಮಾಡಿಕೊಳ್ಳಬೇಡಿ. ಕೊಳ ಇಟ್ಟ ಹತ್ತರಲ್ಲಿ ಒಂಬತ್ತು ಮನೆಯಲ್ಲಿ ನಾನು ಇದನ್ನೇ ನೋಡಿದ್ದೇನೆ. ಎರಡು ಹಿಡಿ ಎಂದರೆ ಸುಮಾರು 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ. ಮೀನಿನ ಕಾಳಿನಲ್ಲಿ ನೂರಕ್ಕೆ ಮೂವತ್ತರಷ್ಟು ಪ್ರೋಟೀನ್. ಮೀನಿನ ಮೈಗೆ ಹತ್ತುವುದು ಅದರಲ್ಲಿ ಕಾಲು ಭಾಗ, ಸ್ವಲ್ಪ ಹೆಚ್ಚು. ಮಿಕ್ಕಿದ್ದು ನೀರಿಗೆ. ಸಾರಜನಕದ ಲೆಕ್ಕದಲ್ಲಿ ಹೇಳುವುದಾದರೆ ನೀವು ಪ್ರತಿ ತಿಂಗಳು ಕೊಳಕ್ಕೆ ನೂರು ಗ್ರಾಂ ಯೂರಿಯಾ ಹಾಕಿದ ಹಾಗೆ. ಅದರ ಜೊತೆ ರಂಜಕವೂ ಸೇರುತ್ತದೆ. ಕೊಟ್ಟಿಗೆ ತೊಳೆದ ನೀರು ಆ ಕಡೆ ಇಳಿಯುತ್ತಿದ್ದರೆ, ಮಳೆಗೆ ತೋಟದ ಗೊಬ್ಬರ ಹರಿದು ಬರುತ್ತಿದ್ದರೆ ಇನ್ನೂ ಜಾಸ್ತಿ. ಒಮ್ಮೆ ಸುತ್ತ ನಡೆದು ನೋಡಿ. ಬೇಕಾದರೆ ಮೇಲ್ಭಾಗದಲ್ಲಿ ಒಂದು ಸಣ್ಣ ಬಸಿಗಾಲುವೆ ತೆಗೆದು ನೀರನ್ನು ಬಾಳೆ ಬುಡಕ್ಕೆ ತಿರುಗಿಸಿ.

ಅಂತರಗಂಗೆ ಆ ಗೊಬ್ಬರವನ್ನು ನೀರಿನಿಂದ ಹೀರಿ ತನ್ನ ಮೈಯಲ್ಲಿ ಕೂಡಿಟ್ಟಿದೆ. ಒಂದು ಕಿಲೋ ಹಸಿ ಗಿಡದಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಸಾರಜನಕ. ಒಂದು ಬುಟ್ಟಿ ಗಿಡ ಹೊರಗೆ ಹೋದರೆ ಅಷ್ಟು ಗೊಬ್ಬರ ಕೊಳದಿಂದ ಹೊರಗೆ ಹೋಯಿತು. ನೀರಲ್ಲೇ ಕೊಂದರೆ ಅದು ಮತ್ತೆ ನೀರಿಗೇ. ನಾಲ್ಕು ಜನ ನಾಲ್ಕು ಉಪಾಯ ಹೇಳಿದರೂ ನಾನು ಕೈಯಲ್ಲಿ ಎತ್ತಿ ಎಂದೇ ಹೇಳುವುದು ಇದಕ್ಕೇ.

ಹಾಗಂತ ಒಂದೇ ದಿನದಲ್ಲಿ ಎಲ್ಲ ತೆಗೆಯಬೇಡಿ. ನಾನು ಒಮ್ಮೆ ಆ ತಪ್ಪು ಮಾಡಿದ್ದೇನೆ. ಒಂದು ಶಾಲೆಯ ಕೊಳ, ಏಪ್ರಿಲ್ ತಿಂಗಳು. ಮಕ್ಕಳೆಲ್ಲ ಸೇರಿ ಒಂದೇ ಬೆಳಿಗ್ಗೆ ಪೂರ್ತಿ ಖಾಲಿ ಮಾಡಿದೆವು. ಸಂಜೆ ನೀರು ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಹತ್ತು ದಿನದಲ್ಲಿ ಅದು ಬಟಾಣಿ ಗಂಜಿಯ ಬಣ್ಣಕ್ಕೆ ತಿರುಗಿತು. ಗೊಬ್ಬರ ನೀರಲ್ಲಿತ್ತು, ಬಿಸಿಲು ನೇರ ಬಿತ್ತು, ಹೀರುವ ಗಿಡ ಇರಲಿಲ್ಲ. ಕಣ್ಣಿಗೆ ಕಾಣದ ಪಾಚಿ ತುಂಬಿಕೊಂಡಿತು. ಒಂದು ಮೋಡದ ದಿನದ ಮರುಬೆಳಿಗ್ಗೆ ಮೀನುಗಳು ತೇಲುತ್ತಿದ್ದವು. ಆ ಮಕ್ಕಳ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಆದ್ದರಿಂದ ಮೂರು ಕಂತಿನಲ್ಲಿ ತೆಗೆಯಿರಿ. ಮೊದಲು 16 ಮಿ.ಮೀ.ನ ಹಳೆಯ ಡ್ರಿಪ್ ಪೈಪ್ ಒಂದನ್ನು ಕೊಳಕ್ಕೆ ಅಡ್ಡವಾಗಿ ನೀರಿನ ಮೇಲೆ ಬಿಡಿ. ಅದು ತಾನಾಗಿ ತೇಲುತ್ತದೆ. ಎರಡು ತುದಿಯನ್ನು ಎಳೆದು ಕಟ್ಟಿ. ಅದರ ಈಚೆಗಿನ ನಾಲ್ಕು ಅಡಿ ಅಗಲದ ಗಿಡ ಮೊದಲ ದಿನ ಎತ್ತಿ. ನಾಲ್ಕೈದು ದಿನ ಬಿಟ್ಟು ಪೈಪ್ ಅಷ್ಟೇ ಸರಿಸಿ ಇನ್ನು ನಾಲ್ಕು ಅಡಿ. ಉಳಿದ ಮೂರನೇ ಭಾಗ, ಮುಂದೆ ನೆಡುವ ನೈದಿಲೆ ಹರಡುವವರೆಗೆ ಇರಲಿ. ಬೆಳಿಗ್ಗೆ ಎಂಟು ಗಂಟೆ ದಾಟಿದ ಮೇಲೆ ಕೆಲಸ ಮಾಡಿ. ತಳದ ಕೆಸರು ಕಲಕದಂತೆ ದಂಡೆಯಲ್ಲೇ ನಿಂತು ಎಳೆಯಿರಿ.

ಎತ್ತಿದ ಗಿಡವನ್ನು ಕೂಡಲೇ ಎಸೆಯಬೇಡಿ. ಒಂದು ಅಗಲ ಬುಟ್ಟಿಯಲ್ಲಿ ಕೊಳದ್ದೇ ನೀರು ತುಂಬಿಕೊಂಡು ಬೇರನ್ನು ಅದರಲ್ಲಿ ಅಲ್ಲಾಡಿಸಿ. ಗಪ್ಪಿ ಮರಿ, ಗೋಲ್ಡ್‌ಫಿಶ್ ಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಆ ಬೇರಿನ ಜೊಂಪೆಯಲ್ಲೇ ಇರುತ್ತವೆ. ಕೈ ಹಾಕುವ ಮೊದಲು ಕೋಲಿನಿಂದ ಒಮ್ಮೆ ಕದಲಿಸಿ. ನೀರೊಳ್ಳೆ ಹಾವಿಗೆ ಇಂಥ ಜಾಗ ಬಹಳ ಇಷ್ಟ. ಅದಕ್ಕೆ ವಿಷವಿಲ್ಲ, ಆದರೆ ಹಿಡಿದರೆ ಕಚ್ಚುತ್ತದೆ. ಹೋಗಲು ದಾರಿ ಬಿಟ್ಟರೆ ಸುಮ್ನೆ ಹೋಗುತ್ತದೆ.

ಗಿಡವನ್ನು ಒಂದು ದಿನ ಬಿಸಿಲಿಗೆ ಹರಡಿ ಬಾಡಿಸಿ. ಆಮೇಲೆ ಒಂದು ಪದರ ಗಿಡ, ಒಂದು ಪದರ ದರಗು (ಒಣ ಎಲೆ), ಮೇಲೆ ತೆಳ್ಳಗೆ ಸಗಣಿ ನೀರು ಹಾಕಿ ಗೊಬ್ಬರ ಗುಂಡಿ ತುಂಬಿಸಿ. ಹೂವಿನ ದಂಟು ಇರುವ ಗಿಡಗಳನ್ನು ಗುಂಡಿಯ ನಡುವೆ, ಕಾವು ಜಾಸ್ತಿ ಇರುವಲ್ಲಿ ಹೂಳಿ. ಮಳೆಗಾಲ ಕಳೆಯುವ ಹೊತ್ತಿಗೆ ಅಡಿಕೆ ಬುಡಕ್ಕೆ ಒಳ್ಳೆಯ ಗೊಬ್ಬರ. ನಿಮ್ಮ ಕೊಳಕ್ಕೆ ಶುದ್ಧ ನೀರು ಬರುವುದರಿಂದ ಹೀಗೆ ಹೇಳಿದೆ. ಪಟ್ಟಣದ ಚರಂಡಿ ನೀರು ಸೇರುವ ಕೆರೆಯ ಗಿಡವಾಗಿದ್ದರೆ ತರಕಾರಿಗೆ ಬೇಡ, ಈ ಗಿಡ ಸೀಸದಂಥ ಲೋಹಗಳನ್ನೂ ಹೀರಿಕೊಳ್ಳುತ್ತದೆ.

ಸಾಸಿವೆ ಎಲೆಯನ್ನು ಒಮ್ಮೆ ಬೆರಳಲ್ಲಿ ಎತ್ತಿ ನೋಡಿ. ನುಣ್ಣನೆಯ ಎಲೆ, ಕೆಳಗೆ ಒಂದೇ ಒಂದು ಕೂದಲಿನಂಥ ಬೇರು ಇದ್ದರೆ ಅದು ಡಕ್‌ವೀಡ್. ಹುರುಪೆ ಹುರುಪೆಯಾಗಿ, ಅಂಚು ಕೆಂಪಾಗಿದ್ದರೆ ಅಜೋಲ್ಲಾ. ಅಜೋಲ್ಲಾ ಆದರೆ ತೊಳೆದು ದನದ ಹಿಂಡಿಯ ಜೊತೆ ಹಾಕಬಹುದು. ಡಕ್‌ವೀಡ್ ಎಂದು ನನ್ನ ಊಹೆ. ಅದು ಅಂಗಡಿಯಿಂದ ಅಂತರಗಂಗೆಯ ಬೇರಿಗೆ ಅಂಟಿಕೊಂಡೇ ಬಂದಿರುತ್ತದೆ. ಅದನ್ನು ಪೂರ್ತಿ ಇಲ್ಲವಾಗಿಸುತ್ತೇನೆ ಎಂದು ಹಟ ಹಿಡಿಯಬೇಡಿ, ಒಂದು ಎಲೆ ಉಳಿದರೂ ಸಾಕು ಅದಕ್ಕೆ. ಹಳೆಯ ಸೊಳ್ಳೆಪರದೆಯ ತುಂಡನ್ನು ಎರಡು ಕೋಲಿಗೆ ಕಟ್ಟಿ ಇಬ್ಬರು ಹಿಡಿದು ಮೇಲ್ಮೈ ಎಳೆಯಿರಿ. ಹತ್ತು ನಿಮಿಷದ ಕೆಲಸ.

ಮಿಕ್ಕದ್ದನ್ನು ನಿಮ್ಮ ಗೋಲ್ಡ್‌ಫಿಶ್ ನೋಡಿಕೊಳ್ಳುತ್ತವೆ. ಡಕ್‌ವೀಡ್ ಎಂದರೆ ಗೋಲ್ಡ್‌ಫಿಶ್, ಕೋಯಿ ಎರಡಕ್ಕೂ ಪ್ರಾಣ. ಇಷ್ಟು ದಿನ ಯಾಕೆ ತಿನ್ನಲಿಲ್ಲ ಎಂದರೆ ಹೊಟ್ಟೆ ಕಾಳಿನಿಂದ ತುಂಬಿರುತ್ತಿತ್ತು. ಐದು ದಿನದ ಉಪವಾಸದ ಮೇಲೆ ದಿನಕ್ಕೊಮ್ಮೆ ಮಾತ್ರ ಕಾಳು ಹಾಕಿ, ಮೂರು ನಾಲ್ಕು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೆ ಒಂದು ದಿನ ಏನೂ ಬೇಡ. ಗಪ್ಪಿಗಳೂ ಆಗ ಸೊಳ್ಳೆಮರಿ ಹುಡುಕಿಕೊಂಡು ಹೋಗುತ್ತವೆ. ಸ್ವಲ್ಪ ದಿನದಲ್ಲಿ ನಿಮಗೆ ತದ್ವಿರುದ್ಧ ಚಿಂತೆ ಬರಬಹುದು: ಡಕ್‌ವೀಡ್ ಪೂರ್ತಿ ಖಾಲಿಯಾಗುತ್ತಿದೆ ಎಂದು. ಅದೇ ಡ್ರಿಪ್ ಪೈಪಿನ ಒಂಬತ್ತೂವರೆ ಅಡಿ ತುಂಡನ್ನು ಜಾಯಿಂಟರ್ ಹಾಕಿ ಬಳೆ ಮಾಡಿ, ಅದಕ್ಕೆ ಸೊಳ್ಳೆಪರದೆಯ ಚೀಲ ಹೊಲಿದು ಮೂಲೆಯಲ್ಲಿ ತೇಲಿಬಿಟ್ಟರೆ ಮೂರು ಅಡಿಯ ಮೇವಿನ ಮಡಿ ಆಯಿತು. ದಿನಕ್ಕೊಂದು ಬೊಗಸೆ ಅಲ್ಲಿಂದ ಹೊರಗೆ ಹಾಕಿ.

ಅಂತರಗಂಗೆಯನ್ನು ಮಾತ್ರ ಪೂರ್ತಿ ತೆಗೆಯಿರಿ ಎಂದು ನನ್ನ ಸಲಹೆ. ಒಂದೆರಡು ಗಿಡ ಇಟ್ಟುಕೊಳ್ಳುತ್ತೇವೆ ಎಂದು ಬಹಳ ಜನ ಕೇಳುತ್ತಾರೆ. ಪೇಟೆಯಲ್ಲಿ, ತಾರಸಿಯ ಮೇಲಿನ ತೊಟ್ಟಿಯಲ್ಲಿ ಆದರೆ ಇಟ್ಟುಕೊಳ್ಳಿ, ಎದುರಾಡುವುದಿಲ್ಲ. ನಿಮ್ಮಲ್ಲಿ ಬೇಡ. ನಿಮ್ಮ ಕೊಳದ ಕೋಡಿ ನೀರು ಎಲ್ಲಿಗೆ ಹೋಗುತ್ತದೆ ಹೇಳಿ? ತೋಟದ ಕಪ್ಪು (ಬಸಿಗಾಲುವೆ), ಅಲ್ಲಿಂದ ಹಳ್ಳ, ಅಲ್ಲಿಂದ ತುಂಗೆ. ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಸುರಿಯುವ ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಂಥ ಮಳೆಯಲ್ಲಿ ಕೊಳ ಉಕ್ಕುವಾಗ ಒಂದು ಗಿಡ ತೇಲಿ ಹೋಗುವುದನ್ನು ಯಾರು ಕಾಯುತ್ತಾರೆ? ಹೊಳೆಯ ಹರಿವಿನಲ್ಲಿ ಅದು ನಿಲ್ಲಲಿಕ್ಕಿಲ್ಲ. ಆದರೆ ಕೆಳಗೆ ಎಲ್ಲೋ ನೀರು ನಿಂತ ಕೆರೆಯಲ್ಲಿ, ಅಣೆಕಟ್ಟಿನ ಹಿನ್ನೀರಿನಲ್ಲಿ ನಿಲ್ಲುತ್ತದೆ. ದಕ್ಷಿಣ ಅಮೆರಿಕದ ಈ ಗಿಡ ನಮ್ಮ ದೇಶಕ್ಕೆ ಬಂದದ್ದೂ ಹೀಗೇ, ಹೂವಿನ ಚಂದಕ್ಕೆ. ಬಂಗಾಳದಲ್ಲಿ ದೋಣಿ ಸಾಗದಂತೆ, ಭತ್ತ ಬೆಳೆಯದಂತೆ ಮಾಡಿತು. ಕೊನೆಗೆ 1936ರಲ್ಲಿ ಅಲ್ಲಿ ಇದೊಂದು ಗಿಡಕ್ಕಾಗಿಯೇ ಕಾನೂನು ಮಾಡಬೇಕಾಯಿತು.

ಮನೆಯವರ ಆರೋಗ್ಯದ ಕಾರಣವೂ ಒಂದಿದೆ. ಮ್ಯಾನ್ಸೋನಿಯಾ ಎಂಬ ಸೊಳ್ಳೆಯ ಮರಿ ಉಸಿರಾಡಲು ನೀರಿನ ಮೇಲೆ ಬರುವುದೇ ಇಲ್ಲ. ಇಂಥ ತೇಲುವ ಗಿಡದ ಬೇರಿಗೆ ಕೊಳವೆ ಚುಚ್ಚಿ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಬೇರಿನ ಜೊಂಪೆಯೊಳಗೆ ಗಪ್ಪಿಗೆ ಅದು ಸಿಗುವುದು ಕಷ್ಟ. ಕೇರಳದ ಕರಾವಳಿಯಲ್ಲಿ ಒಂದು ಬಗೆಯ ಆನೆಕಾಲು ರೋಗ ಹರಡಿದ್ದು ಈ ಸೊಳ್ಳೆಯಿಂದ. ಗಿಡ ಹೋದರೆ ಅದಕ್ಕೆ ನೆಲೆಯಿಲ್ಲ.

ಕೋಡಿ ಪೈಪನ್ನು ಮಳೆ ಹಿಡಿಯುವ ಮೊದಲೇ ಸರಿಮಾಡಿ. ಪೈಪಿನ ಒಳಬಾಯಿಗೆ ಒಂದು ಎಲ್ಬೋ ಕೂಡಿಸಿ ಬಾಯಿ ಕೆಳಮುಖವಾಗುವಂತೆ ತಿರುಗಿಸಿ, ಅದಕ್ಕೆ ಅರ್ಧ ಅಡಿ ಪೈಪ್ ಸೇರಿಸಿ. ಆಗ ನೀರು ಮೇಲ್ಮೈಯಿಂದ ಹೋಗದೆ ಅರ್ಧ ಅಡಿ ಕೆಳಗಿನಿಂದ ಹೋಗುತ್ತದೆ. ತೇಲುವುದು ಯಾವುದೂ ಆಚೆ ಹೋಗುವುದಿಲ್ಲ. ಎಲ್ಬೋದ ಮೇಲ್ಭಾಗಕ್ಕೆ ಒಂದು ಸಣ್ಣ ತೂತು ಕೊರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಸೈಫನ್ ಆಗಿ ನೀರು ಪೈಪಿನ ಕೆಳಬಾಯಿಯವರೆಗೂ ಇಳಿದುಬಿಡುತ್ತದೆ. ಕೆಳಬಾಯಿಗೆ ಜಾಲರಿಯ ಬುಟ್ಟಿ ಕಟ್ಟಿ. ಗಪ್ಪಿಯೂ ಹೊರದೇಶದ ಮೀನೇ, ಹಳ್ಳಕ್ಕೆ ಹೋಗಬಾರದು. ಜಾಲರಿ ಪೈಪಿನ ಬಾಯಿಗಿಂತ ಹತ್ತು ಪಟ್ಟು ದೊಡ್ಡದಿರಲಿ, ದರಗು ಕಟ್ಟಿಕೊಂಡರೂ ನೀರು ಹೋಗುವ ಹಾಗೆ.

ನಿಮ್ಮ ಗಿಡ ಹೂ ಬಿಟ್ಟಿದೆ. ಹೂ ಬಾಡಿದ ಮೇಲೆ ದಂಟು ಬಾಗಿ ಬೀಜ ನೀರಿಗೆ ಉದುರುತ್ತದೆ. ಆ ಬೀಜ ಕೆಸರಿನಲ್ಲಿ 15–20 ವರ್ಷ ಜೀವ ಹಿಡಿದಿರಬಲ್ಲದು. ಆದ್ದರಿಂದ ಗಿಡ ಎತ್ತಿ ಎರಡು ವಾರವಾದ ಮೇಲೆ ತಳದ ಕೆಸರನ್ನು ಒಂದು ಇಂಚಿನ ಪೈಪಿನಿಂದ ಸೈಫನ್ ಮಾಡಿ ತೋಟಕ್ಕೆ ಬಿಡಿ. ವಾರಕ್ಕೆ ನಾಲ್ಕನೇ ಒಂದು ಭಾಗ ನೀರಿಗಿಂತ ಜಾಸ್ತಿ ಒಮ್ಮೆಲೇ ತೆಗೆಯಬೇಡಿ. ಬೇಸಿಗೆಯಲ್ಲಿ ನೀರು ತಗ್ಗಿ ಕೆಸರಿಗೆ ಬಿಸಿಲು ತಾಗಿದಾಗ ಈ ಬೀಜ ಮೊಳೆಯುತ್ತದೆ. ನೀರಿನ ಮಟ್ಟ ಕಾಪಾಡಿ. ಅಂಚಿನಲ್ಲಿ ಬೆರಳುದ್ದದ ಸಸಿ ಕಂಡ ಕೂಡಲೇ ಕಿತ್ತುಬಿಡಿ. ಮುಂದಿನ ಎರಡು ಮೂರು ಬೇಸಿಗೆ ಈ ಕಣ್ಣು ಇಟ್ಟಿರಬೇಕು.

ಬಯಲಾದ ನೀರಿಗೆ ನೆರಳು ಬೇಕು, ಇಲ್ಲದಿದ್ದರೆ ಶಾಲೆಯ ಕೊಳದ ಕಥೆಯೇ. ಸದ್ಯಕ್ಕೆ ಅಡಿಕೆ ಸಸಿಗೆ ಕಟ್ಟುವ ಹಸಿರು ಶೇಡ್‌ನೆಟ್ಟನ್ನು ಅರ್ಧ ಕೊಳದ ಮೇಲೆ ಎಳೆದು ಕಟ್ಟಿ. ಬಿಸಿಲು ಬೀಳುವ ಅರ್ಧದಲ್ಲಿ ನೈದಿಲೆ ಇಡಿ, ಅದಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಅಗಲವಾದ ಪ್ಲಾಸ್ಟಿಕ್ ಬೋಗುಣಿಗೆ ಗದ್ದೆಯ ಜೇಡಿಮಣ್ಣು ತುಂಬಿ. ಸಗಣಿ ಗೊಬ್ಬರ ಬೇಡವೇ ಬೇಡ. ಗೆಡ್ಡೆ ನೆಟ್ಟು ಮೇಲೆ ಎರಡು ಇಂಚು ಜಲ್ಲಿ ಹರಡಿ, ಕೋಯಿ ಮಣ್ಣು ಕೆದಕದ ಹಾಗೆ. ಮೊದಲು ಇಟ್ಟಿಗೆಯ ಮೇಲಿಟ್ಟು ಒಂದು ಅಡಿ ನೀರಿನಲ್ಲಿರಲಿ. ಎಲೆ ಮೇಲೆ ಬಂದಂತೆ ಇಟ್ಟಿಗೆ ಒಂದೊಂದೇ ತೆಗೆಯಿರಿ. ಎರಡು ಬೋಗುಣಿ ಸಾಕು, ಅವು ಅರ್ಧ ಕೊಳಕ್ಕಿಂತ ಜಾಸ್ತಿ ಮುಚ್ಚಿದರೆ ಹಳೆಯ ಎಲೆ ಕತ್ತರಿಸಿ. ತಾವರೆಯನ್ನು ಬೋಗುಣಿಯಿಲ್ಲದೆ ಮಾತ್ರ ಯಾವತ್ತೂ ಬಿಡಬೇಡಿ, ಅದರ ಗೆಡ್ಡೆ ಇಡೀ ತಳ ಹಿಡಿಯುತ್ತದೆ.

ಅಂಚಿನ ಮೆಟ್ಟಿಲಲ್ಲಿ ಕುಂಡದಲ್ಲಿ ಬಜೆ ಇಡಿ, ಒಂದೆರಡು ಕೆಸುವಿನ ಗೆಡ್ಡೆ ಇಡಿ. ಇವು ನೀರಿನ ಗೊಬ್ಬರವನ್ನೇ ಹೀರಿ ಬೆಳೆಯುತ್ತವೆ, ಅಂತರಗಂಗೆ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತವೆ. ಪತ್ರೊಡೆಗೆ ಎಲೆ ಕೊಯ್ದಷ್ಟೂ ಕೊಳ ಹಗುರ. ಅಂಗಡಿಯಿಂದ ಯಾವ ಹೊಸ ಗಿಡ ತಂದರೂ ಚೆನ್ನಾಗಿ ತೊಳೆದು ಎರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ, ಆಮೇಲೆ ಕೊಳಕ್ಕೆ.

ಮಗಳ ನೀಲಿ ಹೂವಿನ ಆಸೆ ಉಳಿಯಿತು. ನಮ್ಮ ಕೆರೆಗಳದ್ದೇ ನೀಲಿ ನೈದಿಲೆ ಇದೆ. ಊರ ಹಳೆಯ ಕೆರೆಯಲ್ಲಿದ್ದರೆ ಒಂದು ಗೆಡ್ಡೆ ಕೇಳಿ ತನ್ನಿ, ನರ್ಸರಿಯಲ್ಲೂ ಸಿಗುತ್ತದೆ. ಏಪ್ರಿಲ್ ಮೊದಲ ವಾರ ನೆಟ್ಟರೆ ಶಾಲೆಯ ರಜೆ ಮುಗಿಯುವ ಮೊದಲು ಮೊಗ್ಗು ಕಾಣಬಹುದು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅರಳುತ್ತದೆ, ಮಧ್ಯಾಹ್ನ ಕಳೆದಂತೆ ಮುಚ್ಚಿಕೊಳ್ಳುತ್ತದೆ. ನೋಡುವುದಿದ್ದರೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ.